ಮುಳ್ಳು ನಿಲ್ಲದ ಸಂಜೆ

ಮೂರು ಸಲ ಜಿಗಿಯಬೇಕು. ಎರಡು ಸಾಲದು, ನಾಲ್ಕು ಬೇಡ. ಎರಡೂ ಕೈ ಮೇಲೆ. ಕೂದಲು ಬಿಚ್ಚಿರಬೇಕು. ಬಾಯಿ ತೆರೆದಿರಬೇಕು, ನಾಲಿಗೆ ಹೊರಗೆ. ಕಾಲ ಕೆಳಗೆ ಒಂದು ಹಲಗೆ. ಅದರ ಮೇಲೆ ನಿಂತು, ನೆಲ ಅದುರುವ ಹಾಗೆ, ಮೂರು ಸಲ. ಮೈಯಲ್ಲಿ ಎಲ್ಲಾದರೂ ಚಿನ್ನ ಬಚ್ಚಿಟ್ಟಿದ್ದರೆ ಉದುರಲಿ ಅಂತ.

ಹದಿನಾಲ್ಕು ವರ್ಷ ನಾನು ಜಿಗಿದೆ. ಎಷ್ಟು ಸಲ ಆಯಿತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ, ನಾನು ಹಾಕಿದರೆ ಸಿಟ್ಟು ಬರುತ್ತದೆ. ಅಷ್ಟೂ ಜಿಗಿತಕ್ಕೆ ನನ್ನ ಮೈಯಿಂದ ಉದುರಿದ್ದು ಒಂದು ಹಲ್ಲು, ಎರಡು ಗುಂಡಿ, ಒಂದು ಬಾಚಣಿಗೆ, ಆಮೇಲೆ ಇನ್ನೊಂದು. ಆ ಇನ್ನೊಂದನ್ನು ಮುಂದೆ ಹೇಳುತ್ತೇನೆ. ಚಿನ್ನ ಮಾತ್ರ ಒಂದು ಚೂರೂ ಉದುರಲಿಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ, ಈಗ ಚಿನ್ನದ ಗಣಿ ಇರುವಲ್ಲಿ, ಒಂದು ಗುಡ್ಡ ಇತ್ತಂತೆ. ಗುಡ್ಡದ ಮೇಲೆ ಆಡು ಮೇಯುತ್ತಿದ್ದವಂತೆ. ಸಮುದ್ರದಾಚೆಯಿಂದ ಒಬ್ಬ ದೊರೆ ಕುದುರೆ ಹತ್ತಿ ಬಂದು, ಒಂದು ಕಲ್ಲು ಎತ್ತಿ, ನೆಕ್ಕಿ ನೋಡಿ, ಜೇಬಿಗೆ ಹಾಕಿಕೊಂಡು ಹೋದನಂತೆ. ಅವನನ್ನು ಯಾರೂ ಜಿಗಿಸಲಿಲ್ಲ. ಮರುವರ್ಷ ಹನ್ನೆರಡು ಜನ ದೊರೆಗಳು ಬಂದರು. ಒಂದು ಹೊಗೆಗೂಡು ಎದ್ದಿತು, ಆಮೇಲೆ ಮೂರು, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹನ್ನೊಂದು. ರೈಲು ಬಂತು, ತಂತಿ ಬಂತು, ಬ್ಯಾಂಕು ಬಂತು, ಜೈಲು ಬಂತು. ಗುಡ್ಡ ಹೋಯಿತು. ಗುಡ್ಡ ಇದ್ದ ಕಡೆ ಈಗ ತಳ ಕಾಣದ ಗುಂಡಿ. ಅದರ ಪಕ್ಕದಲ್ಲಿ ಅರೆದು ಬಿಸಾಕಿದ ಕಲ್ಲುಪುಡಿಯ ಇನ್ನೊಂದು ಗುಡ್ಡ, ಹಳೆಯದಕ್ಕಿಂತ ಎತ್ತರ. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ, ಆಡು ಹತ್ತುವುದಿಲ್ಲ.

ನಾವು ಕಲ್ಲು ಆರಿಸುವವರು, ಇನ್ನೂರು ಹೆಂಗಸರು. ಗಂಡಸರು ಭೂಮಿಯೊಳಗೆ ಸಿಡಿಸಿದ ಕಲ್ಲು ತೊಟ್ಟಿಗಳಲ್ಲಿ ಮೇಲೆ ಬಂದು ನಮ್ಮ ಶೆಡ್ಡಿನ ಉದ್ದುದ್ದ ಮೇಜುಗಳ ಮೇಲೆ ಧಡಧಡ ಸುರಿಯುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು. ಸುತ್ತಿಗೆಯಿಂದ ಒಡೆ, ತಿರುಗಿಸಿ ನೋಡು, ಬಿಳಿಕಲ್ಲಿನೊಳಗೆ ಹಳದಿ ಎಳೆ ಕಂಡರೆ ಎಡಕ್ಕೆ ಹಾಕು, ಇಲ್ಲದಿದ್ದರೆ ಬಲಕ್ಕೆ. ಧೂಳು ಮೂಗಿನಲ್ಲಿ, ಕಣ್ಣಿನಲ್ಲಿ, ಬುತ್ತಿಯಲ್ಲಿ. ಕೆಮ್ಮಿದರೆ ಬೂದು ಕಫ ಬೀಳುತ್ತಿತ್ತು. ಉಗುರು ಇದ್ದವಳನ್ನು ಕಂಡರೆ ಇವಳು ಹೊಸಬಳು ಅಂತ ಗುರುತು ಹಿಡಿಯುತ್ತಿದ್ದೆವು. ನಮ್ಮಲ್ಲಿ ಗಟ್ಟಿಯಾಗಿ ಉಳಿದದ್ದು ಬಾಯಿ ಒಂದೇ. ಸುತ್ತಿಗೆ ಸದ್ದಿಗಿಂತ ಜೋರಾಗಿ ಮಾತಾಡಿ ಮಾತಾಡಿ ನನಗಂತೂ ಬಾಯಿಬಡುಕಿ ಅನ್ನುವ ಹೆಸರೇ ಬಿದ್ದಿತ್ತು.

ಜಿಗಿಯುವ ಕೋಣೆಗೆ ತಾಗಿಕೊಂಡೇ ತೂಕದ ಕೋಣೆ. ಮೊದಲು ತೂಕದ ಕೋಣೆ ಒಂದೇ ಇತ್ತಂತೆ. ಕಂಪನಿ ಬೆಳೆಯಿತು, ಹೆಂಗಸರು ಹೆಚ್ಚಾದರು, ಹೆಂಗಸರು ಹೆಚ್ಚಾದ ಹಾಗೆ ಅನುಮಾನವೂ ಹೆಚ್ಚಾಯಿತು. ಆಗ ಅವಸರದಲ್ಲಿ ಅದೇ ಮರದ ನೆಲವನ್ನು, ಅದೇ ತೊಲೆಗಳನ್ನು ಈಚೆಗೆ ಉದ್ದ ಮಾಡಿ ನಮ್ಮ ಕೋಣೆ ಕಟ್ಟಿದರು. ನಡುವೆ ಹಲಗೆಯ ಗೋಡೆ. ಆಚೆ ಕೂತು ತೂಗುವವನಿಗೆ ನಾವಿಟ್ಟ ಹೆಸರು ಮುಳ್ಳುದೊರೆ. ಅವನ ತಕ್ಕಡಿಯ ಮುಳ್ಳು ಎಷ್ಟು ನಾಜೂಕು ಅಂದರೆ ಈಚೆ ನಾವು ಜಿಗಿದರೆ ಆಚೆ ಅದು ಅಲ್ಲಾಡುತ್ತಿತ್ತು. ಸಂಜೆ ರೈಲಿಗೆ ಚಿನ್ನ ಹೋಗಬೇಕು, ಅಷ್ಟರೊಳಗೆ ತೂಕ ಆಗಬೇಕು. ನಮ್ಮ ಪಾಳಿ ಮುಗಿಯುವುದೂ ಅದೇ ಹೊತ್ತಿಗೆ. ಹಾಗಾಗಿ ಮುಳ್ಳುದೊರೆ ಒಂದು ಗಂಟೆ ಇಟ್ಟುಕೊಂಡಿದ್ದ. ಟಿಣ್ ಅಂದರೆ ತೂಕ ಶುರು. ನಾವು ಹೇಗಿದ್ದೆವೋ ಹಾಗೇ ನಿಲ್ಲಬೇಕು. ಕೈ ಮೇಲಿದ್ದರೆ ಮೇಲೆ, ನಾಲಿಗೆ ಹೊರಗಿದ್ದರೆ ಹೊರಗೆ, ಒಂದು ಕಾಲು ಎತ್ತಿದ್ದರೆ ಎತ್ತಿಯೇ. ಇನ್ನೊಂದು ಟಿಣ್ ಕೇಳುವ ತನಕ ಕೆರೆತ ಬಂದರೂ ಕೆರೆದುಕೊಳ್ಳುವ ಹಾಗಿಲ್ಲ. ಒಬ್ಬಳು ಒಮ್ಮೆ ಸೀನಿದ್ದಕ್ಕೆ ಎರಡು ದಿನ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ಬಂದ ಮೇಲೆ ಅವಳು ಮೊದಲು ಮಾಡಿದ ಕೆಲಸ ಅಂದರೆ ಎಂಟು ಸಲ ಸೀನಿದ್ದು.

ನಮ್ಮನ್ನು ತಡವಿ ನೋಡಲು ಒಬ್ಬಳಿದ್ದಳು. ಐವತ್ತು ದಾಟಿದವಳು, ಗಂಡನನ್ನು ಗಣಿಯ ಗುಂಡಿಯಲ್ಲಿ ಕಳೆದುಕೊಂಡವಳು. ಅವಳ ಬೆರಳು ಹೋಗದ ಜಾಗ ನಮ್ಮ ಮೈಯಲ್ಲಿ ಇರಲಿಲ್ಲ. ಬೆರಳಮ್ಮ ಅಂತ ಕರೆಯುತ್ತಿದ್ದೆವು, ಎದುರಿಗೇ. ಅವಳ ಪಕ್ಕದಲ್ಲಿ ಯಾರೂ ಕೂತು ಉಣ್ಣುತ್ತಿರಲಿಲ್ಲ, ನಲ್ಲಿಯ ಹತ್ತಿರ ಅವಳು ಬಂದರೆ ಜಾಗ ಬಿಡುತ್ತಿದ್ದೆವು. ಇನ್ನೂರು ಜನರನ್ನೂ ತಡವಿ ಮುಗಿಸಿದ ಮೇಲೆ ಅವಳೂ ಆ ಹಲಗೆ ಹತ್ತಿ ಮೂರು ಸಲ ಜಿಗಿಯಬೇಕಿತ್ತು, ಕಾವಲುಗಾರನ ಎದುರಿಗೆ. ನಾವು ಅದನ್ನು ನೋಡಲು ನಿಲ್ಲುತ್ತಿರಲಿಲ್ಲ. ನೋಡಬೇಕಿತ್ತು.

ಆ ಇನ್ನೊಂದರ ಮಾತು. ನಾನು ಹೇಳಹೊರಟ ಸಂಜೆಗೆ ಮೂರು ವರ್ಷ ಮೊದಲು ನಾನು ಆರು ತಿಂಗಳ ಬಸುರಿ. ಎರಡನೆಯ ಜಿಗಿತಕ್ಕೆ ಹೊಟ್ಟೆಯೊಳಗೆ ಏನೋ ಕಿತ್ತುಕೊಂಡ ಹಾಗಾಯಿತು. ಅಷ್ಟರಲ್ಲಿ ಟಿಣ್. ನಾನು ನಿಂತೆ. ತೊಡೆಯ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ಕೈ ಮೇಲೆತ್ತಿ, ಬಾಯಿ ತೆರೆದು, ನಾಲಿಗೆ ಚಾಚಿ ನಿಂತೇ ಇದ್ದೆ. ಆಚೆ ಚಿನ್ನ ತೂಗುತ್ತಿದ್ದರು. ಎರಡನೆಯ ಟಿಣ್ ಆದ ಮೇಲೆ ಕುಸಿದೆ. ಕಾವಲುಗಾರ ಬಂದು ನೋಡಿ, "ಹಲಗೆ ತೊಳೀರಿ, ಜಾರುತ್ತೆ," ಅಂದ. ತೊಳೆದವಳು ಬೆರಳಮ್ಮ.

ಮೂರು ವರ್ಷದ ಮೇಲೆ ನನ್ನ ತಂಗಿಗೆ ಏಳು ತಿಂಗಳು.

ಕಂಪನಿಯ ಸಾಲುಮನೆಯಲ್ಲಿ ನಮಗೊಂದು ಕೋಣೆ, ತಗಡಿನ ಮಾಡು, ಎರಡು ಮಂಚ. ನನ್ನ ಗಂಡ, ಅವಳ ಗಂಡ ಇಬ್ಬರೂ ಕೆಳಗೆ ರಾತ್ರಿಪಾಳಿ. ನಾವು ಎದ್ದ ಮಂಚಕ್ಕೆ ಅವರು ಬಂದು ಬೀಳುತ್ತಿದ್ದರು. ಬಸುರಿ ಅಂತ ಗೊತ್ತಾದರೆ ಹೆಂಗಸನ್ನು ಕೆಲಸದಿಂದ ತೆಗೆಯುತ್ತಾರೆ, ಕೋಣೆಯಿಂದಲೂ ತೆಗೆಯುತ್ತಾರೆ. ಗೊತ್ತಾಗದಿದ್ದರೆ ಜಿಗಿಯಬೇಕು. ಈ ಎರಡರಲ್ಲಿ ಯಾವುದು ಬೇಕೋ ಆರಿಸಿಕೋ ಅನ್ನುವುದು ಕಂಪನಿಯ ಔದಾರ್ಯ.

ದಿನಾ ಬೆಳಿಗ್ಗೆ ಅವಳ ಹೊಟ್ಟೆಗೆ ಹಳೆಯ ಬಟ್ಟೆ ಸುತ್ತಿ ಕಟ್ಟುತ್ತಿದ್ದೆ.

"ಅಕ್ಕಾ, ಒದೀತಿದೆ ಕಣೇ," ಅನ್ನುತ್ತಿದ್ದಳು.

"ಒದೀಲಿ. ನಮ್ಮನೇವ್ರು ಯಾರು ಸುಮ್ನಿದ್ರು?"

"ಬಿಗಿ ಆಯ್ತು."

"ನಿನಗಾ, ಅದಕ್ಕಾ?"

"ಇಬ್ಬರಿಗೂ."

ಅವಳಿಗೆ ಜಿಗಿಯದೆ ಜಿಗಿಯುವುದನ್ನು ಕಲಿಸಿದ್ದೆ. ಬಲಗಾಲು ಹಲಗೆ ಬಿಡಬಾರದು, ಎಡಗಾಲು ಎತ್ತಿ ಧಡ್ ಅಂತ ಬಡಿಯಬೇಕು, ಭುಜ ಮಾತ್ರ ಕುಪ್ಪಳಿಸಬೇಕು. ಕಾವಲುಗಾರನಿಗೆ ಅವಳ ಪಾದ ಕಾಣದ ಹಾಗೆ ಸರದಿಯಲ್ಲಿ ಅವಳ ಮುಂದೆ ದಪ್ಪನೆಯವಳೊಬ್ಬಳು, ಹಿಂದೆ ನಾನು. ಒಂದು ತಿಂಗಳು ಹಾಗೇ ಪಾರಾಯಿತು. ಒಂದು ದಿನ ನಲ್ಲಿಯ ಹತ್ತಿರ ಬೆರಳಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು.

"ಏಳು ತಿಂಗಳಾ?" ಅಂದಳು, ನನ್ನ ಕಡೆ ನೋಡದೆ.

ನನ್ನ ಕೈಯಲ್ಲಿದ್ದ ಕೊಡ ತುಂಬಿ ಹರಿಯಿತು.

"ನನ್ನ ಕೈಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಹೇಳ್ತೀಯಾ?"

"ಹೇಳಿದ್ರೆ ಏನು ಕೊಡ್ತಾರೆ ನನಗೆ? ಇನ್ನೊಂದು ಜೊತೆ ಕೈಯಾ?" ತನ್ನ ಕೊಡ ಎತ್ತಿಕೊಂಡಳು. "ಉತ್ಸವದ ದಿನ ಅವಳನ್ನ ಕರ್ಕೊಂಡು ಬರಬೇಡ. ಅವತ್ತು ತುಂಬಾ ಕಣ್ಣು ಇರುತ್ತೆ."

ಆದರೆ ಉತ್ಸವದ ದಿನ ಬಾರದೆ ಇರುವ ಹಾಗಿರಲಿಲ್ಲ. ಕಂಪನಿಗೆ ಐವತ್ತು ತುಂಬಿತ್ತು. ಸಮುದ್ರದಾಚೆಯಿಂದ ಅತಿಥಿಗಳು ಬಂದಿದ್ದರು. ಬಾರದವರ ಹೆಸರು ಹೊಡೆದುಹಾಕುತ್ತೇವೆ ಅಂತ ಮೊದಲೇ ಸಾರಿದ್ದರು. ಇನ್ನೂರು ಜನರಿಗೂ ಬಿಳಿ ಉದ್ದಂಗಿ ಹಂಚಿದರು, ಸಂಜೆ ತೊಳೆದು ವಾಪಸು ಕೊಡಬೇಕು. ಅಂಗಿ ದೊಗಳೆಯಾಗಿತ್ತು. ಹೊಟ್ಟೆ ಕಾಣುವುದಿಲ್ಲ ಅಂತ ತಂಗಿಯ ಕಟ್ಟು ಬಿಚ್ಚಿದೆ. ಅವಳು ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ತೆಗೆದುಕೊಂಡು, ತಲೆ ತಿರುಗಿದಂತಾಗಿ, ಸುಮ್ಮಸುಮ್ಮನೆ ನಕ್ಕಳು. ಆ ನಗು ನನಗೂ ಅಂಟಿತು. ಸರದಿಯಲ್ಲಿ ನಿಂತವರಿಗೆಲ್ಲ ಅಂಟಿತು. ಬಿಳಿ ಅಂಗಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು, "ನೀನು ಆಸ್ಪತ್ರೆಯಿಂದ ಓಡಿ ಬಂದ ಹಾಗಿದೀಯ," "ನೀನು ಹಾಸಿಗೆಯಿಂದ ಬಿದ್ದ ದಿಂಬಿನ ಹಾಗಿದೀಯ," ಅಂತ ಶುರುವಾಯಿತು. ಕಾವಲುಗಾರ ಗದರಿಸಿದ. ಗದರಿಸಿದಷ್ಟೂ ನಗು ಹೆಚ್ಚಾಯಿತು.

ಒಳಗೆ ಹೋದರೆ ನಡುವಿನ ಹಲಗೆ ಗೋಡೆಯೇ ಇಲ್ಲ. ತೆಗೆದುಬಿಟ್ಟಿದ್ದರು. ಒಂದು ಕಡೆ ಚಿನ್ನದ ತೂಕ, ಇನ್ನೊಂದು ಕಡೆ ಕಳ್ಳತನಕ್ಕೆ ಎಡೆಗೊಡದ ಏರ್ಪಾಡು, ಎರಡನ್ನೂ ಅತಿಥಿಗಳು ಕೂತಲ್ಲೇ ನೋಡಲಿ ಅಂತ ದೊಡ್ಡ ದೊರೆಯ ಯೋಜನೆ. ಮುಳ್ಳುದೊರೆ ಬೇಡ ಬೇಡ ಅಂತ ಕೈ ಮುಗಿಯುವುದೊಂದು ಬಾಕಿ. ಅವನನ್ನು ನಾವು ನೋಡಿದ್ದೂ ಅದೇ ಮೊದಲು. ಹದಿನಾಲ್ಕು ವರ್ಷ ನಮ್ಮನ್ನು ಕಲ್ಲಾಗಿಸಿದವನು ಸಣಕಲು ದೇಹದ, ಬೆವರುವ ಮನುಷ್ಯ. ಅವನ ಮುಂದೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ತಕ್ಕಡಿ.

"ಇದೇನಾ?" ಅಂದಳು ತಂಗಿ.

ಒಂದು ಗೇಣು ಇತ್ತೋ ಇಲ್ಲವೋ. ತಟ್ಟೆಗಳು ಅಂಗಿಗುಂಡಿಯಷ್ಟು ಅಗಲ. ಚಿನ್ನದ ಗಟ್ಟಿಯಿಂದ ಒಂದು ಚೂರು ಕೆತ್ತಿ, ಕರಗಿಸಿ, ಸೋಸಿ, ಸಾಸಿವೆ ಕಾಳಿನಷ್ಟು ಮಣಿ ಮಾಡಿ ಅದರ ಮೇಲಿಡುತ್ತಿದ್ದರು. ಆ ಮಣಿಯ ತೂಕದಿಂದ ಇಡೀ ಗಟ್ಟಿ ಎಷ್ಟು ಶುದ್ಧ ಅಂತ ಗೊತ್ತಾಗಬೇಕು. ಗೊತ್ತಾದರೆ ಗಟ್ಟಿಗೆ ಮುದ್ರೆ. ಮುದ್ರೆ ಬಿದ್ದರೆ ರೈಲು. ಈ ಆಟಿಕೆಗಾಗಿ ನಾವು ಇಷ್ಟು ವರ್ಷ ಒಂಟಿಗಾಲಲ್ಲಿ ನಿಂತಿದ್ದೆವು.

ನನ್ನ ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಇನ್ನೊಬ್ಬಳು.

ಎದುರಿಗೆ ಐವತ್ತು ಕುರ್ಚಿ. ನಡುವಿನಲ್ಲಿ ಎಲ್ಲರಿಗಿಂತ ಹಿರಿಯ ಅತಿಥಿ, ಕಿವಿ ಕೇಳದ ಮುದುಕ, ಕಿವಿಗೆ ಹಿತ್ತಾಳೆಯ ಕೊಳವೆ ಹಿಡಿದುಕೊಂಡಿದ್ದ. ಅವನ ಪಕ್ಕದ ಕುರ್ಚಿ ಖಾಲಿ, ಅವನ ಹೆಂಡತಿಗೆ ಬಿಸಿಲು ತಾಗಿ ಬಂದಿರಲಿಲ್ಲ. ದೊಡ್ಡ ದೊರೆ ಎದ್ದು ಭಾಷಣ ಮಾಡಿದ. ದುಭಾಷಿ ನಮ್ಮ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದ.

"ಐವತ್ತು ವರ್ಷದ ಹಿಂದೆ ಇಲ್ಲಿ ಏನೂ ಇರಲಿಲ್ಲ ಅಂತಿದಾರೆ. ಬರೀ ಆಡು ಇದ್ವಂತೆ. ಈಗ ಹನ್ನೊಂದು ಹೊಗೆಗೂಡು, ಎಂಟು ಸಾವಿರ ಕೆಲಸಗಾರರು. ಇಲ್ಲಿನ ಚಿನ್ನದ ಮೇಲೆ ಅವರ ದೇಶದ ನಾಣ್ಯ ನಿಂತಿದೆ, ನಾಣ್ಯದ ಮೇಲೆ ಹಡಗು ನಿಂತಿದೆ, ಹಡಗಿನ ಮೇಲೆ ವ್ಯಾಪಾರ, ವ್ಯಾಪಾರದ ಮೇಲೆ ಇಡೀ ಜಗತ್ತು ನಿಂತಿದೆಯಂತೆ. ಚಪ್ಪಾಳೆ ತಟ್ಟಿ."

ತಟ್ಟಿದೆವು. ತಟ್ಟುತ್ತ ತಟ್ಟುತ್ತ ನನ್ನ ತಲೆಯಲ್ಲಿ ಆ ಮಾತು ಗಿರಗಿರ ತಿರುಗುತ್ತಿತ್ತು.

ಆಮೇಲೆ ದೊಡ್ಡ ದೊರೆ ಬೆತ್ತ ಎತ್ತಿ ನಮ್ಮ ಸಾಲುಗಳ ಮೇಲೆ ಆಡಿಸಿದ. ಬೆತ್ತ ನನ್ನನ್ನು ದಾಟಿ ತಂಗಿಯ ಮೇಲೆ ನಿಂತಿತು. ನಮ್ಮ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ಮೂರೇ. ಮುಂದೆ, ಜಿಗಿ, ನಿಲ್ಲು.

"ಮುಂದೆ," ಅಂದ.

ದುಭಾಷಿ ಪಿಸುಗುಟ್ಟಿದ. "ನಿನ್ನ ಅದೃಷ್ಟ ಕಣಮ್ಮ. ಎಷ್ಟು ಮೈಕೈ ತುಂಬ್ಕೊಂಡಿದಾಳೆ ನೋಡಿ, ಕಂಪನಿ ಹೇಗೆ ಸಾಕುತ್ತೆ ನೋಡಿ ಅಂತ ತೋರಿಸ್ತಿದಾರೆ. ಹಲಗೆ ಹತ್ತು. ಚೆನ್ನಾಗಿ ಎತ್ತರಕ್ಕೆ ಜಿಗೀಬೇಕು."

ತಂಗಿ ಹಲಗೆ ಹತ್ತಿದಳು. ಮುಂದೆ ದಪ್ಪನೆಯವಳಿಲ್ಲ, ಹಿಂದೆ ನಾನಿಲ್ಲ. ಐವತ್ತು ಜೊತೆ ಕಣ್ಣು ಅವಳ ಪಾದದ ಮೇಲೆ. ಅವಳು ಕೈ ಎತ್ತಿದಳು, ಅಂಗಿ ಹೊಟ್ಟೆಗೆ ಅಂಟಿತು. ನನ್ನ ಕಡೆ ತಿರುಗಿ ನೋಡಿದಳು.

ಬೆರಳಮ್ಮ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು.

"ಅವಳು ಜಿಗಿಯಲ್ಲ," ಅಂದೆ.

ಎಷ್ಟು ಸಲೀಸಾಗಿ ಬಂತು ಮಾತು. ಹದಿನಾಲ್ಕು ವರ್ಷ ಎಲ್ಲಿತ್ತೋ ಅದು.

"ಏನಂದೆ?" ದುಭಾಷಿಯ ಮುಖ ಸಪ್ಪಗಾಯಿತು.

"ಅವಳು ಜಿಗಿಯಲ್ಲ. ಅವಳ ಹೊಟ್ಟೇಲಿ ಏಳು ತಿಂಗಳ ಕೂಸಿದೆ. ನನ್ನ ಕೂಸು ಇದೇ ಹಲಗೆ ಮೇಲೆ ಹೋಯ್ತು. ಹಾಗಂತ ಹೇಳು ಅವರಿಗೆ."

ಅವನು ಏನು ಹೇಳಿದನೋ, ದೊಡ್ಡ ದೊರೆ ಮುಗುಳ್ನಕ್ಕು ತಲೆಯಾಡಿಸಿದ. ಬಹುಶಃ ಹುಡುಗಿಗೆ ನಾಚಿಕೆ ಅಂತ ಹೇಳಿರಬೇಕು. "ಜಿಗಿ," ಅಂದ ದೊರೆ.

ನಾನು ಹೋಗಿ ತಂಗಿಯ ತೋಳು ಹಿಡಿದು ಇಳಿಸಿದೆ. ಎಲ್ಲಿ ಕೂರಿಸುವುದು ಅಂತ ನೋಡಿದೆ. ಮುಂದಿನ ಸಾಲಿನಲ್ಲಿ ಖಾಲಿ ಕುರ್ಚಿ ಇತ್ತಲ್ಲ, ಕೆಂಪು ಮೆತ್ತೆ ಹಾಕಿದ್ದು. ಅಲ್ಲೇ ಕೂರಿಸಿದೆ. ಕಿವಿ ಕೇಳದ ಮುದುಕ ಎದ್ದು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದ. ಅವಳೂ ಮಾಡಿದಳು. ನಾನು ಬಂದು ಹಲಗೆ ಹತ್ತಿದೆ.

"ಜಿಗಿತ ಬೇಕಲ್ವಾ? ನಾನು ಜಿಗೀತೀನಿ," ಅಂದೆ.

ಒಂದು. ಎರಡು. ಮೂರು. ಅಷ್ಟರಲ್ಲಿ ಟಿಣ್. ಮುಳ್ಳುದೊರೆ ಮಣಿಯನ್ನು ತಟ್ಟೆಗೆ ಹಾಕಿದ್ದ, ಎಲ್ಲರಿಗೂ ಕಾಣಲಿ ಅಂತ ಗಾಜಿನ ಬಾಗಿಲು ತೆರೆದೇ ಇಟ್ಟಿದ್ದ. ನನ್ನ ಕೈ ಮೇಲಿತ್ತು, ಬಾಯಿ ತೆರೆದಿತ್ತು. ಮೈ ತಾನಾಗಿ ಕಲ್ಲಾಯಿತು. ಎದುರಿಗೆ ಮುಳ್ಳು ಕಾಣುತ್ತಿತ್ತು, ಸಣ್ಣಗೆ ನಡುಗುತ್ತ, ನಿಲ್ಲಲು ನೋಡುತ್ತ. ಆಗ ಆ ಭಾಷಣ ನನ್ನ ತಲೆಯಲ್ಲಿ ತಲೆಕೆಳಗಾಗಿ ಬಂತು. ಜಗತ್ತು ವ್ಯಾಪಾರದ ಮೇಲೆ, ವ್ಯಾಪಾರ ಹಡಗಿನ ಮೇಲೆ, ಹಡಗು ನಾಣ್ಯದ ಮೇಲೆ, ನಾಣ್ಯ ಚಿನ್ನದ ಮೇಲೆ, ಚಿನ್ನ ಈ ಮುಳ್ಳಿನ ಮೇಲೆ, ಮುಳ್ಳು ನನ್ನ ಕಾಲಿನ ಮೇಲೆ.

ನಾಲ್ಕನೆಯ ಸಲ ಜಿಗಿದೆ.

ಮುಳ್ಳು ಆ ತುದಿಯಿಂದ ಈ ತುದಿಗೆ ಹಾರಿತು. ಇನ್ನೂರು ಹೆಂಗಸರು ಅದನ್ನು ಕಣ್ಣಾರೆ ನೋಡಿದರು. ಐದನೆಯದು ಜಿಗಿದೆ. ಆರನೆಯದಕ್ಕೆ ದಪ್ಪನೆಯವಳು ನಿಂತಲ್ಲೇ ಜಿಗಿದಳು, ನೆಲ ಗುಡುಗಿತು. ಸೀನಿದವಳು ಜಿಗಿದಳು. ಮೊದಲ ಸಾಲು, ಎರಡನೆಯ ಸಾಲು, ಕೊನೆಯ ಸಾಲು. ಯಾರೂ ಎಣಿಸಲಿಲ್ಲ. ಬಿಳಿ ಅಂಗಿಗಳು ಬುಗ್ಗೆಂದು ಉಬ್ಬಿ ಇಳಿಯುತ್ತಿದ್ದವು, ಕೂದಲು ಹಾರುತ್ತಿತ್ತು, ನಲವತ್ತರ ಮೇಲಾದವರು ಹನ್ನೆರಡರ ಹುಡುಗಿಯರ ಹಾಗೆ ಕಿಲಕಿಲ ನಗುತ್ತಿದ್ದರು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಕಾಲು ನಿಲ್ಲುತ್ತಿರಲಿಲ್ಲ. ಅಷ್ಟು ಸುಖ ನನಗೆ ಆ ಮೈಯಿಂದ ಯಾವತ್ತೂ ಸಿಕ್ಕಿರಲಿಲ್ಲ.

ಟಿಣ್ ಟಿಣ್ ಟಿಣ್ ಅಂತ ಮುಳ್ಳುದೊರೆ ಬಾರಿಸಿದ್ದೇ ಬಾರಿಸಿದ್ದು. ತಾಳ ಚೆನ್ನಾಗಿ ಕೂಡಿತು. ಕಾವಲುಗಾರರು ಬೂಟುಗಾಲಲ್ಲಿ ಓಡಿ ಬಂದರು. ಹನ್ನೆರಡು ಜೊತೆ ಬೂಟಿಗೆ ಮುಳ್ಳು ಇನ್ನಷ್ಟು ಹುಚ್ಚೆದ್ದು ಕುಣಿಯಿತು, ಮುಳ್ಳುದೊರೆ ಅವರನ್ನೇ ಹೊರಗೆ ಹೋಗಿ ಅಂತ ಕಿರುಚಿದ. ಕಿವಿ ಕೇಳದ ಮುದುಕನಿಗೆ ಪಾದದ ಮೂಲಕ ಸಂಗೀತ ಹತ್ತಿರಬೇಕು. ಇದೂ ಕಾರ್ಯಕ್ರಮದಲ್ಲಿ ಇದೆ ಅಂದುಕೊಂಡು ಕಾಲು ಕುಟ್ಟುತ್ತ ಚಪ್ಪಾಳೆ ತಟ್ಟಿದ. ದೊಡ್ಡ ದೊರೆಗೆ ಗಾಬರಿಯಲ್ಲಿ ತನಗೆ ಬರುವ ಮೂರು ಮಾತೂ ಕಲಸಿಹೋದವು. "ಜಿಗಿ, ಜಿಗಿ," ಅಂತ ಅಬ್ಬರಿಸಿದ.

"ದೊರೆ ಅಪ್ಪಣೆ ಆಯ್ತು ಕಣ್ರೇ," ಅಂದಳು ದಪ್ಪನೆಯವಳು.

ಆಗ ಮುಳ್ಳುದೊರೆ ಒಂದು ಸದ್ದು ಮಾಡಿದ. ಕಾಲು ತುಳಿಸಿಕೊಂಡ ನಾಯಿಯ ಹಾಗೆ. ತಟ್ಟೆಯಲ್ಲಿದ್ದ ಮಣಿ ಎಗರಿ ಬಿದ್ದಿತ್ತು.

ಎಲ್ಲರೂ ನಿಂತೆವು. ಗಂಟೆಗಲ್ಲ. ನೋಡುವುದಕ್ಕೆ. ದೊರೆಗಳು ಮಂಡಿಯೂರಿ, ಕರಿಯ ಕೋಟಿನ ಬಾಲ ಮೇಲೆ ಮಾಡಿಕೊಂಡು, ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಕುರ್ಚಿ ಸರಿಸಿದರು. ಹಲಗೆಗಳ ಸಂದಿಗೆ ಮೂಗು ಹಚ್ಚಿದರು. ಮಣಿ ಇಲ್ಲ. ದೂರದಲ್ಲಿ ರೈಲು ಮೊದಲನೆಯ ಸಲ ಕೂಗಿತು.

ದೊಡ್ಡ ದೊರೆ ಅತಿಥಿಗಳಿಗೆ ಬಾಗಿಲು ತೋರಿಸಿದ, ನೀವು ದಯಮಾಡಿಸಿ ಅನ್ನುವ ಹಾಗೆ. ಬಾಗಿಲಿಗೆ ಅಡ್ಡ ನಿಂತವಳು ಬೆರಳಮ್ಮ. ಇಷ್ಟು ಹೊತ್ತು ಅವಳೊಬ್ಬಳೇ ಜಿಗಿದಿರಲಿಲ್ಲ.

"ಹೋಗೋ ಹಾಗಿಲ್ಲ," ಅಂದಳು.

ಆಮೇಲೆ ದುಭಾಷಿಯ ಕಡೆ ತಿರುಗಿದಳು.

"ಕೋಣೇಲಿ ಚಿನ್ನ ಕಾಣೆಯಾದ್ರೆ, ಕೋಣೇಲಿ ಇರೋರೆಲ್ಲ ಜಿಗೀಬೇಕು. ಕಂಪನಿ ನಿಯಮ. ಇಪ್ಪತ್ತೆರಡು ವರ್ಷದಿಂದ ನಾನೇ ನಡೆಸ್ಕೊಂಡು ಬಂದಿದೀನಿ. ನಾವು ಇನ್ನೂರು ಜನ ಜಿಗಿದಾಯ್ತು, ಏನೂ ಬೀಳಲಿಲ್ಲ, ಎಲ್ಲರೂ ನೋಡಿದೀರಿ. ಜಿಗೀದೆ ಇರೋರು ನೀವೇ. ತಕ್ಕಡಿ ಹತ್ರ ಕೂತಿದ್ದೋರೂ ನೀವೇ. ಒಬ್ಬೊಬ್ಬರೇ ಬನ್ನಿ. ಕೋಟು ಬಿಚ್ಚಿ, ಕೈ ಮೇಲೆ, ನಾಲಿಗೆ ಹೊರಗೆ."

ತನ್ನ ಎರಡೂ ಕೈ ಮುಂದೆ ಚಾಚಿದಳು, ದಿನಾ ನಮಗೆ ಚಾಚುವ ಹಾಗೆಯೇ.

ಅತಿಥಿಗಳೆಲ್ಲ ಎದ್ದದ್ದು ನೋಡಿ ಕಿವಿ ಕೇಳದ ಮುದುಕ ಈಗ ತನ್ನ ಸರದಿ ಅಂದುಕೊಂಡ. ಕೊಳವೆಯನ್ನು ತಂಗಿಯ ಕೈಗೆ ಕೊಟ್ಟು, ಹಲಗೆ ಹತ್ತಿ, ಮಕ್ಕಳ ಹಾಗೆ ಮೂರು ಸಲ ಕುಪ್ಪಳಿಸಿದ. ಅವನ ಬಾಯಿಂದ ಕಟ್ಟಿಸಿದ ಹಲ್ಲಿನ ಸೆಟ್ಟು ಕಳಚಿ ಬಿತ್ತು. ಬೆರಳಮ್ಮ ಎತ್ತಿ, ನೋಡಿ, "ಚಿನ್ನ ಅಲ್ಲ," ಅಂತ ವಾಪಸು ಕೊಟ್ಟಳು. ಬೇರೆ ದೊರೆಗಳು ಗೋಡೆ ನೋಡಿದರು.

"ಮುಂದೆ," ಅಂದಳು ಬೆರಳಮ್ಮ ದೊಡ್ಡ ದೊರೆಗೆ, ಅವನದೇ ಮಾತಿನಲ್ಲಿ, ಅವನದೇ ದನಿಯಲ್ಲಿ.

ದೊಡ್ಡ ದೊರೆಯ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು. ಬೆತ್ತ ಎತ್ತಿದ. ಇನ್ನೂರು ಜನ ಒಂದು ಹೆಜ್ಜೆ ಮುಂದೆ ಬಂದೆವು. ನೆಲ ಅದುರಿತು, ಅಷ್ಟೆ. ಬೆತ್ತ ಇಳಿಯಿತು. ದುಭಾಷಿಗೆ ಏನೋ ಹೇಳಿದ. ದುಭಾಷಿ ಆ ದಿನ ಮೊದಲನೆಯ ಸಲ, ನನಗನ್ನಿಸುತ್ತದೆ ಜನ್ಮದಲ್ಲೇ ಮೊದಲನೆಯ ಸಲ, ಹೇಳಿದ್ದನ್ನು ಹೇಳಿದ ಹಾಗೇ ಹೇಳಿದ.

"ನಾನು ಜಿಗಿಯಲ್ಲ ಅಂತಿದಾರೆ. ಹೆಂಗಸರ ಎದುರಿಗೆ ಬಟ್ಟೆ ಬಿಚ್ಚಿ ಕುಣಿಯೋಕೆ ನಾನು ಕಳ್ಳ ಅಲ್ಲ, ಮನುಷ್ಯ ಅಂತಿದಾರೆ."

ಅಂದರೆ ಗೊತ್ತಿತ್ತು. ಐವತ್ತು ವರ್ಷವೂ ಗೊತ್ತಿತ್ತು. ಇದು ಮನುಷ್ಯರಿಗೆ ಮಾಡುವ ಕೆಲಸ ಅಲ್ಲ ಅಂತ ಗೊತ್ತಿದ್ದೇ ಮಾಡಿಸಿದ್ದರು. ನನ್ನ ನಗು ಅಲ್ಲಿಗೆ ನಿಂತಿತು. ತೊಡೆಯ ಮೇಲೆ ಆ ಬಿಸಿ ಮತ್ತೆ ಇಳಿದ ಹಾಗಾಯಿತು.

"ನಾವೂ ಅಷ್ಟೇ ಅಂತ ಹೇಳು," ಅಂದೆ. "ನಾವೂ ಕಳ್ಳರಲ್ಲ, ನಾವೂ ಜಿಗಿಯಲ್ಲ. ಈ ಹಲಗೆ ಕಿತ್ತು ಹಾಕ್ಲಿ. ಬಸುರೀನ ಕೋಣೆಯಿಂದ ಹೊರಗೆ ಹಾಕಲ್ಲ ಅಂತ ಈ ಅತಿಥಿಗಳ ಎದುರಿಗೆ ಬರೆದು ಕೊಡ್ಲಿ. ಇಲ್ಲದಿದ್ರೆ ನೀವೂ ಜಿಗೀರಿ, ನಾವೂ ಜಿಗೀತೀವಿ, ಮುಳ್ಳೂ ಜಿಗೀಲಿ."

ರೈಲು ಎರಡನೆಯ ಸಲ ಕೂಗಿತು.

ದೊಡ್ಡ ದೊರೆ ಬರೆದು ಕೊಟ್ಟ. ಹೆಬ್ಬೆರಳಷ್ಟು ಉದ್ದದ ಬರಹ, ಕೆಳಗೆ ಅವನ ರುಜು. ಬಡಗಿಯನ್ನು ಕರೆಸಿದರು. ಅವನು ಮೀಟುಗೋಲು ಹಾಕಿ ಮೊಳೆ ಕೀಳುವಾಗ ನೆಲ ನಮ್ಮ ಜಿಗಿತಕ್ಕಿಂತ ಹೆಚ್ಚು ಅದುರಿತು. ಮುಳ್ಳುದೊರೆ ತಲೆ ಮೇಲೆ ಕೈ ಹೊತ್ತು ಕೂತ. ಕೊನೆಯ ಮೊಳೆ ಬಂದಾಗ ರೈಲು ಮೂರನೆಯ ಸಲ ಕೂಗಿ, ಚಿನ್ನವಿಲ್ಲದೆ, ಖಾಲಿ ಡಬ್ಬಿ ಬಡಿದುಕೊಳ್ಳುತ್ತ ಹೋಯಿತು. ಐವತ್ತು ವರ್ಷದಲ್ಲಿ ಅದೇ ಮೊದಲು.

ಬಡಗಿ ಹಲಗೆ ಎತ್ತಿದ. ಕೆಳಗೆ ಒಂದು ಮೊಳ ಆಳದ ಸಂದು. ದೀಪ ಹಿಡಿದು ಬಗ್ಗಿ ನೋಡಿದವನು ಹಾಗೇ ಬಗ್ಗಿಕೊಂಡೇ ಉಳಿದ. ನಾವೆಲ್ಲ ಬಗ್ಗಿದೆವು.

ಗುಂಡಿಗಳು. ನೂರಾರು ಅಂಗಿಗುಂಡಿಗಳು. ಬಾಚಣಿಗೆಯ ಹಲ್ಲು, ಪಿನ್ನು, ದಾರ, ಒಂದು ಮಗುವಿನ ಗಿಲಕಿಯ ಚೂರು. ಕೂದಲು, ಕಪ್ಪು ಕೂದಲು, ಬಿಳಿ ಕೂದಲು, ಗಂಟುಗಂಟಾಗಿ. ಹಲ್ಲುಗಳು. ನನ್ನದೂ ಅಲ್ಲೇ ಇತ್ತು, ಗುರುತು ಸಿಗಲಿಲ್ಲ. ಎಷ್ಟೋ ವರ್ಷ ನಮ್ಮ ಮೈಯಿಂದ ಉದುರಿದ್ದೆಲ್ಲ ಅಲ್ಲಿತ್ತು. ಹಲಗೆಯ ಅಡಿ ಕಂದು ಬಣ್ಣ, ಎಷ್ಟು ತೊಳೆದರೂ ಹೋಗದ್ದು. ಬೆರಳಮ್ಮ ಅದರ ಮೇಲೆ ಒಮ್ಮೆ ಕೈ ಆಡಿಸಿ, ನನ್ನ ಮುಖ ನೋಡಿದಳು. ಅವಳಿಗೂ ನೆನಪಿತ್ತು.

ಆ ರಾಶಿಯ ಮೇಲೆ ಮಣಿ ಇತ್ತು. ಸಾಸಿವೆಯಷ್ಟು. ಆ ಸಂದಿಯಲ್ಲಿ ಸಿಕ್ಕ ಚಿನ್ನ ಅದೊಂದೇ. ಅದು ಬಿದ್ದದ್ದು ಅವರ ತಕ್ಕಡಿಯಿಂದ.

ಇನ್ನೂರು ಜನ ಆ ಸಂಜೆ ಬಾಗಿಲು ದಾಟಿ ನಡೆದು ಹೋದೆವು. ಬೆರಳಮ್ಮ ನಮ್ಮ ನಡುವೆ ಇದ್ದಳು. ಅವಳಿಗೆ ಜಾಗ ಬಿಡಲಿಲ್ಲ, ಒತ್ತಿಕೊಂಡೇ ನಡೆದೆವು. ತಂಗಿ ಹಿತ್ತಾಳೆಯ ಕೊಳವೆ ವಾಪಸು ಕೊಡಲು ಮರೆತು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಹಲಗೆಯನ್ನು ನಾನು ತಲೆಯ ಮೇಲೆ ಹೊತ್ತಿದ್ದೆ. ಯಾರೂ ತಡೆಯಲಿಲ್ಲ. ಕದ್ದು ತಂದದ್ದು ಅಂದರೆ ಆ ಎರಡೇ.

ಆಮೇಲಿನದನ್ನು ಸಿಹಿ ಮಾಡಿ ಹೇಳಲಾರೆ. ವಾರದೊಳಗೆ ನನ್ನನ್ನೂ ಬೆರಳಮ್ಮನನ್ನೂ ಇನ್ನೂ ಹದಿನಾರು ಜನರನ್ನೂ ಕೆಲಸದಿಂದ ತೆಗೆದರು. ತಪಾಸಣೆ ನಿಲ್ಲಲಿಲ್ಲ. ತೂಕದ ಕೋಣೆಯಿಂದ ದೂರ ಬೇರೆ ಕಟ್ಟಡ ಕಟ್ಟಿದರು, ಬೇರೆ ಕೈಗಳನ್ನು ತಂದರು. ಹನ್ನೆರಡನೆಯ ಹೊಗೆಗೂಡೂ ಎದ್ದಿತು. ಆದರೆ ಹಲಗೆ ಮತ್ತೆ ಬರಲಿಲ್ಲ. ಹಲಗೆ ಹಾಕಲು ಬಂದರೆ ಹೆಂಗಸರು ಧೂಳು ಮೆತ್ತಿದ ಮುಖ ಎತ್ತಿ ಸುಮ್ಮನೆ ಒಮ್ಮೆ ಕಾಲು ಕುಟ್ಟುತ್ತಿದ್ದರಂತೆ, ಒಂದೇ ಸಲ. ಆ ರುಜು ಹಾಕಿದ ಚೀಟಿ ತೋರಿಸಿ ತಂಗಿ ಕೋಣೆ ಉಳಿಸಿಕೊಂಡಳು. ಗಂಡಂದಿರೂ ಸೇರಿ ನಾವು ನಾಲ್ವರೂ ಇನ್ನೂ ಅಲ್ಲೇ ಇದ್ದೇವೆ, ಅದೇ ಎರಡು ಮಂಚ. ನಾನು, ಬೆರಳಮ್ಮ ಸೇರಿ ಬೀದಿಯ ತುದಿಯಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದೇವೆ. ಅವಳ ಕೈಗೆ ಬಟ್ಟೆಯ ಕಲೆ ಬೇಗ ಸಿಗುತ್ತದೆ.

ತಂಗಿಗೆ ಹೆಣ್ಣು ಕೂಸು. ಈಗ ನಾಲ್ಕು ವರ್ಷ. ಹಲಗೆಯನ್ನು ಹಿತ್ತಲಲ್ಲಿ ಎರಡು ಇಟ್ಟಿಗೆಯ ಮೇಲೆ ಹಾಕಿದ್ದೇವೆ, ಬಟ್ಟೆ ಕುಟ್ಟಲು. ಬಟ್ಟೆ ಎತ್ತಿದ್ದೇ ತಡ ಅವಳು ಹತ್ತುತ್ತಾಳೆ. ಮೂರು ಅಂತ ಇಲ್ಲ, ಮೂವತ್ತು ಅಂತ ಇಲ್ಲ, ಉಸಿರು ಹೋಗುವ ತನಕ ಜಿಗಿಯುತ್ತಾಳೆ. ಜಿಗಿದಷ್ಟೂ ನಗುತ್ತಾಳೆ.

ನಿನ್ನೆ ಹಾಗೇ ಜಿಗಿಯುತ್ತಿದ್ದಳು. ತಂಗಿ ಪಾಳಿ ಮುಗಿಸಿ ಬಂದು ಕೊಡ ಇಳಿಸುತ್ತಿದ್ದಳು, ಬೆರಳಮ್ಮ ಅಂಗಿ ಹಿಂಡುತ್ತಿದ್ದಳು, ನಾನು ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದೆ. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಟಿಣ್ ಅಂತ ಗಂಟೆ ಆಯಿತು.

ನಾನು ನಿಂತುಬಿಟ್ಟೆ, ಕೈ ಮೇಲೆ ಹಗ್ಗದ ಹತ್ತಿರವೇ. ತಂಗಿಯ ಕೊಡ ಅರ್ಧದಲ್ಲಿ ನಿಂತಿತು. ಬೆರಳಮ್ಮನ ಕೈಯಲ್ಲಿ ಹಿಂಡಿದ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈ ಅಲ್ಲಾಡಲಿಲ್ಲ. ಮೂವರೂ ಉಸಿರು ಹಿಡಿದು, ಎರಡನೆಯ ಟಿಣ್‌ಗೆ ಕಾಯುತ್ತ ನಿಂತಿದ್ದೆವು.

ಕೂಸು ನಮ್ಮನ್ನು ನೋಡಿತು. "ಏನಾಯ್ತು ದೊಡ್ಡಮ್ಮ?" ಅಂದಿತು.

ಜಿಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.